ಮಾಳಿಗೆಯ ಗಾಳಿಯಂತ್ರ: ಲಕ್ಷ ರೂಪಾಯಿಯ ಲೆಕ್ಕ

ಆಷಾಢದಲ್ಲಿ ಕಲಾದಗಿಯ ಬಯಲಿಗೆ ಬೀಸುವ ಗಾಳಿ ಕಂಡವರಿಗೆ, ಮಾಳಿಗೆ ಮೇಲೊಂದು ಗಾಳಿಯಂತ್ರ ಕೂಡಿಸಿದರೆ ಕರೆಂಟ್ ಬಿಲ್ಲಿನ ಚಿಂತೆಯೇ ತಪ್ಪೀತು ಅನ್ನಿಸುವುದು ಸಹಜ. ಗದಗಿನ ಕಪ್ಪತಗುಡ್ಡದ ಸುತ್ತ ತಿರುಗುವ ದೊಡ್ಡ ರೆಕ್ಕೆಗಳನ್ನು ನೋಡಿದರೆ ಆ ಆಸೆ ಇನ್ನಷ್ಟು ಬಲಿಯುತ್ತದೆ. ಆದರೂ ಹೆಸ್ಕಾಂ ಲೈನ್ ಇರುವ ಮನೆಯವರು ಇದಕ್ಕೆ ಹಣ ಹಾಕಬಾರದು ಎಂಬುದೇ ನನ್ನ ಸಲಹೆ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ: ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೇ ಒಂದು ಪಾಲಿಗೆ ಕುಸಿಯುತ್ತದೆ. ಗುಡ್ಡದ ನೆತ್ತಿಯಲ್ಲಿ, ಎಂಬತ್ತು ನೂರು ಮೀಟರ್ ಎತ್ತರದ ಕಂಬದ ಮೇಲೆ ಸಿಗುವ ಗಾಳಿ ಊರೊಳಗಿನ ಮಾಳಿಗೆಗೆ ಬರುವುದಿಲ್ಲ. ಪಕ್ಕದ ಮನೆ, ಬೇವಿನ ಮರ, ನೀರಿನ ಟಾಕಿ ಅದನ್ನು ತಡೆದು ಸುಳಿಯಾಗಿಸುತ್ತವೆ. ಸುಳಿಗಾಳಿ ವಿದ್ಯುತ್ ಕಡಿಮೆ ಕೊಡುವುದಲ್ಲದೆ ಬೇರಿಂಗನ್ನೂ ಬೇಗ ಸವೆಸುತ್ತದೆ.

ಕೇಳಿದವರಿಗೆಲ್ಲ ನಾನು ಹಾಕಿ ತೋರಿಸುವ ಲೆಕ್ಕ ಇದು. ರೆಕ್ಕೆಯ ವ್ಯಾಸ 2 ಮೀಟರ್, ವರ್ಷದ ಸರಾಸರಿ ಗಾಳಿ ಸೆಕೆಂಡಿಗೆ 4 ಮೀಟರ್ ಎನ್ನಿ. ಗಾಳಿಯ ಏರಿಳಿತ ಸೇರಿಸಿದರೂ ರೆಕ್ಕೆಗೆ ಎದುರಾಗುವ ಶಕ್ತಿ ಸರಾಸರಿ 220 ವ್ಯಾಟ್. ಯಾವ ಯಂತ್ರವೂ ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಹಿಡಿಯಲಾರದು, ಸಣ್ಣ ಯಂತ್ರಕ್ಕೆ ಕಾಲು ಭಾಗ ದಕ್ಕಿದರೆ ಹೆಚ್ಚು. ಅಲ್ಲಿಗೆ ವರ್ಷಕ್ಕೆ ಸುಮಾರು 500 ಯೂನಿಟ್. ಯೂನಿಟ್ಟಿಗೆ ₹6ರಂತೆ ₹3,000. ಕಂಬ, ಬ್ಯಾಟರಿ, ಇನ್ವರ್ಟರ್ ಸೇರಿ ಲಕ್ಷ ರೂಪಾಯಿ ಸುರಿದಿದ್ದರೆ, ಅದೇ ಹಣ ಶೇ 7ರ ಠೇವಣಿಯಲ್ಲಿ ₹7,000 ತರುತ್ತಿತ್ತು. ಇತ್ತ ಒಂದು ಕಿಲೋವ್ಯಾಟ್ ಸೋಲಾರ್ ನಮ್ಮ ಬಿಸಿಲಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಜೊತೆಗೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ ₹30,000, ಮೂರಕ್ಕೆ ₹78,000 ಸಹಾಯಧನವಿದೆ.

ಕೈಯಾರೆ ಕಟ್ಟಿಕೊಂಡರೆ ಅಗ್ಗವಲ್ಲವೇ ಎನ್ನುವವರಿದ್ದಾರೆ. ಗುಜರಿಯ ಕಾರಿನ ಆಲ್ಟರ್ನೇಟರ್ ಚಾರ್ಜ್ ಮಾಡಲು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ಬೇಕು. ಮನೆಯಲ್ಲಿ ಕೆತ್ತಿದ ರೆಕ್ಕೆ ಸುತ್ತುವುದು ಕೆಲವು ನೂರು ಸಲ ಮಾತ್ರ. ಹಾಗಾಗಿ ಬಲವಾದ ಅಯಸ್ಕಾಂತ ತರಿಸಿ, ತಾಮ್ರದ ಸುರುಳಿ ಸುತ್ತಿ ಜನರೇಟರ್ ಮಾಡಬೇಕು. ಬೇಸಿಗೆಯ ಅಡ್ಡಮಳೆಯ ಬಿರುಗಾಳಿಗೆ ರೆಕ್ಕೆ ತಾನಾಗಿ ಓರೆಯಾಗುವಂತೆ ಬಾಲವನ್ನೂ ಜೋಡಿಸಬೇಕು. ಅದಿಲ್ಲದಿದ್ದರೆ ಮುರಿದ ರೆಕ್ಕೆ ಯಾರ ಅಂಗಳಕ್ಕೆ ಬೀಳುತ್ತದೋ ಹೇಳಲಾಗದು. ಮಲಾವಿಯ ಹುಡುಗ ವಿಲಿಯಂ ಕಂಕ್ವಾಂಬಾ ಸೈಕಲ್ ಬಿಡಿಭಾಗಗಳಿಂದ ಗಾಳಿಯಂತ್ರ ಕಟ್ಟಿ ಮನೆಗೆ ಬೆಳಕು ತಂದದ್ದು ನಿಜ, ಅದು ದೊಡ್ಡ ಸಾಧನೆ. ಆದರೆ ಆ ಮನೆಗೆ ವಿದ್ಯುತ್ ಲೈನೇ ಇರಲಿಲ್ಲ. ಅಲ್ಲಿ ಒಂದು ಬಲ್ಬಿಗಿದ್ದ ಬೆಲೆ ಇಲ್ಲಿ ಲೈನಿಗೆ ಅಂಟಿಕೊಂಡ ಮನೆಯಲ್ಲಿಲ್ಲ.

ಮೋಡ ಕವಿದು ಸೋಲಾರ್ ಕುಗ್ಗುವ ತಿಂಗಳಲ್ಲೇ ಗಾಳಿ ಜೋರಾಗುತ್ತದಲ್ಲ ಎಂಬ ಮಾತಿನಲ್ಲಿ ತೂಕವಿದೆ. ಆದರೆ ಲೈನ್ ಇರುವ ಮನೆಗೆ ಆ ಕೊರತೆಯನ್ನು ಲೈನೇ ತುಂಬುತ್ತದೆ. ಗೃಹಜ್ಯೋತಿಯಲ್ಲಿ ಈಗಾಗಲೇ ಶೂನ್ಯ ಬಿಲ್ ಬರುವ ಮನೆಗೆ ಉಳಿಸಲು ಹಣವೇ ಇಲ್ಲ, ಅಲ್ಲಿ ಸೋಲಾರಿಗೂ ಅವಸರ ಬೇಡ. ಕರೆಂಟ್ ಹೋದಾಗ ದೀಪ ಬೇಕೆಂದರೆ ಗಾಳಿಯಾಗಲಿ ಬಿಸಿಲಾಗಲಿ ಬ್ಯಾಟರಿ ಇರಲೇಬೇಕು.

ಮೋಡದ ತಿಂಗಳಲ್ಲಿ ಗಾಳಿ ನೆರವಾಗುತ್ತದೆ ಎಂಬ ಮಾತು ನಿಜಕ್ಕೂ ಸಲ್ಲುವುದು ಬಾದಾಮಿ, ಹುನಗುಂದದ ಕಡೆ ಲೈನ್ ತಲುಪದ, ಸುತ್ತ ಬಯಲಿರುವ ತೋಟದ ಮನೆಗೆ. ಅಲ್ಲಿ ಸೋಲಾರ್ ಜೊತೆಗೆ ಸಣ್ಣ ಗಾಳಿಯಂತ್ರ ಮಳೆಗಾಲದ ಆಸರೆಯಾದೀತು. ಸುತ್ತಲ 150 ಮೀಟರಿನೊಳಗಿನ ಮರ ಮನೆಗಳಿಗಿಂತ ರೆಕ್ಕೆ 9 ಮೀಟರಾದರೂ ಮೇಲಿರಬೇಕು ಎಂಬುದು ಬಲ್ಲವರ ಕಟ್ಟಳೆ. ಮೊದಲು ಅದೇ ಎತ್ತರಕ್ಕೆ ಗಾಳಿಮಾಪಕ ಕಟ್ಟಿ, ಆಷಾಢದಿಂದ ಆಷಾಢದವರೆಗೆ ಬರೆದಿಡಿ. ಸರಾಸರಿ ಗಾಳಿ ಸೆಕೆಂಡಿಗೆ 6 ಮೀಟರ್ ಮುಟ್ಟಿದರೆ ಇಳುವರಿ ಮೇಲಿನ ಲೆಕ್ಕದ ಮೂರು ಪಟ್ಟು ಮೀರುತ್ತದೆ, ಆಗ ಕಂಬದ ಮಾತಾಡೋಣ. ಮುಟ್ಟದಿದ್ದರೆ ವೆಚ್ಚ ಮಾಪಕಕ್ಕೇ ಮುಗಿಯುತ್ತದೆ, ಲಕ್ಷ ರೂಪಾಯಿ ನಿಮ್ಮಲ್ಲೇ ಉಳಿಯುತ್ತದೆ.