ಸರ್ವರಿನ ದಿನಚರಿ

ಗಣಕಯಂತ್ರವೆಂದರೆ ವಿಜ್ಞಾನ ವಿದ್ಯಾರ್ಥಿಗಳ ಸೊತ್ತು ಎಂಬ ಭಾವನೆ ನಮ್ಮಲ್ಲಿ ಇನ್ನೂ ಉಂಟು. ಆದರೆ ನಮ್ಮ ಅಂಕಪಟ್ಟಿ, ಪ್ರವೇಶದ ದಾಖಲೆ, ಗ್ರಂಥಾಲಯದ ಸೂಚಿ ಇವೆಲ್ಲ ಇಂದು ಯಾವುದಾದರೊಂದು ಸರ್ವರಿನಲ್ಲಿಯೇ ಇರುತ್ತವೆ. ಅದು ಕೆಟ್ಟಾಗ ಬರಿಯ ಊಹೆಯಿಂದ ಕೈಹಾಕಿದರೆ ಉಳಿದಿದ್ದ ಮಾಹಿತಿಯೂ ಹೋದೀತು. ಯಂತ್ರವು ತಾನೇ ಬರೆದಿಟ್ಟ ದಾಖಲೆಯನ್ನು ಓದಿ ದೋಷವನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ಯಥಾಶಕ್ತಿ ವಿವರಿಸುತ್ತೇನೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಈ ಕೆಲಸ ಶಾಸನಗಳನ್ನು ಒಂದಕ್ಕೊಂದು ಹೋಲಿಸಿ ನೋಡುವಂತೆಯೇ ತೋರಿತು.

ಸರ್ವರಿನಲ್ಲಿ ಸಾಮಾನ್ಯವಾಗಿ ಎರಡು ದಿನಚರಿಗಳಿರುತ್ತವೆ. ಲಿನಕ್ಸ್ ಮೊದಲಾದ ಕಾರ್ಯವ್ಯವಸ್ಥೆಗಳು ಬರೆಯುವುದು ಸಿಸ್ಟಂ ಲಾಗ್. ಇನ್ನೊಂದನ್ನು ಮದರ್‌ಬೋರ್ಡಿನ ಮೇಲಿರುವ ಬಿ.ಎಂ.ಸಿ. ಎಂಬ ಪುಟ್ಟ ನಿಯಂತ್ರಕವು ಬರೆಯುತ್ತದೆ. ಮುಖ್ಯ ಯಂತ್ರ ಸ್ತಬ್ಧವಾದರೂ ವಿದ್ಯುತ್ತು ಇರುವವರೆಗೆ ಇದು ಎಚ್ಚರವಾಗಿದ್ದು ಉಷ್ಣತೆ, ಫ್ಯಾನಿನ ವೇಗ, ವೋಲ್ಟೇಜು ಇವುಗಳನ್ನು ಗಮನಿಸುತ್ತಿರುತ್ತದೆ. ಇದಕ್ಕೆ ಸಂಬಂಧಿಸಿದ ಐ.ಪಿ.ಎಂ.ಐ. ಎಂಬ ಮಾನಕವು 1998ರಲ್ಲಿ ಹೊರಬಂದಿತು.

ಸರ್ವರು ರಾತ್ರಿ ತಾನಾಗಿಯೇ ನಿಂತು ಮತ್ತೆ ಹೊರಟಿತೆನ್ನೋಣ. ಕ್ರಮವಾಗಿ ಮುಚ್ಚಿದ ಗುರುತಿಲ್ಲದೆ ಸಿಸ್ಟಂ ಲಾಗ್ ಥಟ್ಟನೆ ನಿಂತಿದ್ದರೆ, ಅದೇ ವೇಳೆಗೆ ಬಿ.ಎಂ.ಸಿ. ಏನು ಬರೆದಿದೆಯೆಂದು ನೋಡಬೇಕು. ಉಷ್ಣತೆ ಮಿತಿಮೀರಿತೆಂದೋ ಪವರ್ ಸಪ್ಲೈ ಕೈಕೊಟ್ಟಿತೆಂದೋ ಅಲ್ಲಿ ಸಿಗಬಹುದು. ಇಲ್ಲೊಂದು ಎಚ್ಚರಿಕೆ: ಬಿ.ಎಂ.ಸಿ.ಯ ಗಡಿಯಾರವು ಹಲವೆಡೆ ಯು.ಟಿ.ಸಿ. ಕಾಲದಲ್ಲಿ ನಡೆಯುತ್ತದೆ, ನಮ್ಮ ರಾತ್ರಿ 2 ಗಂಟೆಯ ಘಟನೆ ಅಲ್ಲಿ ಹಿಂದಿನ ದಿನದ 20-30 ಎಂದು ಕಾಣುತ್ತದೆ. ಈ ಐದೂವರೆ ಗಂಟೆಯನ್ನು ಮರೆತರೆ ಕಾರಣವೂ ಕಾರ್ಯವೂ ಬೇರೆಬೇರೆಯಾಗುತ್ತವೆ.

ಇನ್ನು ಮೆಮೊರಿಯ ವಿಚಾರ. ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ದೋಷತಿದ್ದುವ ಸಂಕೇತಗಳ ತತ್ತ್ವದ ಮೇಲೆ ಇ.ಸಿ.ಸಿ. ಮೆಮೊರಿ ನಿಂತಿದೆ. ಸಾಮಾನ್ಯ ಇ.ಸಿ.ಸಿ.ಯಲ್ಲಿ ಒಂದು ಬಿಟ್ ತಪ್ಪಿದರೆ ಯಂತ್ರವೇ ತಿದ್ದಿಕೊಳ್ಳುತ್ತದೆ. ಎರಡು ತಪ್ಪಿದರೆ ಗುರುತಿಸಬಲ್ಲದು, ತಿದ್ದಲಾರದು. ತಿದ್ದಿದ ತಪ್ಪು ಎಂದೋ ಒಮ್ಮೆ ಬಂದರೆ ಗಾಬರಿಯಿಲ್ಲ. ಆದರೆ ಒಂದೇ ಸ್ಲಾಟಿನ ಹೆಸರು ದಿನದಿನವೂ ಹೆಚ್ಚುಹೆಚ್ಚಾಗಿ ಬರುತ್ತಿದ್ದರೆ, ಆ ಮೆಮೊರಿ ಪಟ್ಟಿಯನ್ನು ಯಂತ್ರ ನಿಲ್ಲುವ ಮೊದಲೇ ಬದಲಾಯಿಸುವುದು ಜಾಣತನ. ಹೊಸ ಪಟ್ಟಿ ಹಾಕಿದರೂ ದೂರು ಅದೇ ಸ್ಲಾಟಿನಿಂದ ಬಂದರೆ ದೋಷವು ಬೋರ್ಡಿನಲ್ಲೋ ಪ್ರೊಸೆಸರಿನಲ್ಲೋ ಇರಬಹುದು.

ಹಾರ್ಡ್ ಡಿಸ್ಕು ತನ್ನ ಲೆಕ್ಕವನ್ನು 'ಸ್ಮಾರ್ಟ್' ಎಂಬ ಪಟ್ಟಿಯಲ್ಲಿ ಇಡುತ್ತದೆ. ಕೆಟ್ಟ ಸೆಕ್ಟರುಗಳಿಗೆ ಬದಲಿ ಕೊಟ್ಟ ಸಂಖ್ಯೆ ಏರುತ್ತಿದ್ದರೆ ಡಿಸ್ಕೇ ಸವೆಯುತ್ತಿದೆ. ಅದು ಏರದೆ ಸಿ.ಆರ್.ಸಿ. ತಪ್ಪುಗಳು ಮಾತ್ರ ಏರುತ್ತಿದ್ದರೆ ಬಹುಮಟ್ಟಿಗೆ ತಪ್ಪು ಕೇಬಲಿನದು. ಕೇಬಲಿನ ಬೆಲೆಯೆಲ್ಲಿ, ಡಿಸ್ಕಿನ ಬೆಲೆಯೆಲ್ಲಿ! ರೈಡ್-5 ವ್ಯವಸ್ಥೆ ಒಂದು ಡಿಸ್ಕಿನ ನಷ್ಟವನ್ನು ಮಾತ್ರ ತಾಳಬಲ್ಲದು. ಒಂದು ಕೆಟ್ಟಿರುವಾಗ ಅವಸರದಲ್ಲಿ ಒಳ್ಳೆಯದನ್ನೇ ಹೊರಗೆಳೆದರೆ ಎಲ್ಲ ದಾಖಲೆಗಳಿಗೂ ಅಪಾಯ. ಆದ್ದರಿಂದ ಲಾಗಿನಲ್ಲಿರುವ ಕ್ರಮಸಂಖ್ಯೆಯನ್ನು ಡಿಸ್ಕಿನ ಚೀಟಿಯೊಡನೆ ತಾಳೆನೋಡಿಯೇ ಕೈಯಿಡಬೇಕು.

ಕೊನೆಯದಾಗಿ ಎರಡು ನಿಯಮಗಳನ್ನು ಹೇಳಬಯಸುತ್ತೇನೆ. ಲಾಗನ್ನು ಅಳಿಸುವ ಮೊದಲು ಪ್ರತಿ ಮಾಡಿಟ್ಟುಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಲಾಗ್ ಏನು ಹೇಳುತ್ತದೆಂದು ಕಾಯಬೇಕು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.