ಇವನಿಗೆ ಏರೋದೇ ಇಲ್ಲ

ಮಗೂ,

ಹೋದ ತಿಂಗಳು ಮದುವೆ ಮನೆಯಲ್ಲಿ, ಚಪ್ಪರದ ಹಿಂದೆ ನಿನ್ನ ಗೆಳೆಯರು ಆಡುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು. "ನಾಲ್ಕು ಪೆಗ್ ಹಾಕಿದ್ರೂ ಇವನಿಗೆ ಏರೋದೇ ಇಲ್ಲ ಕಣ್ರೋ" ಎಂದು ಒಬ್ಬ ನಿನ್ನ ಬೆನ್ನು ತಟ್ಟುತ್ತಿದ್ದ. ನೀನು ನಗುತ್ತಿದ್ದೆ. ಥೇಟ್ ನಿನ್ನ ಅಪ್ಪನ ನಗು. ಬೈಯಬೇಕೆಂದು ಬರೆಯುತ್ತಿಲ್ಲ. ಆ ರಾತ್ರಿಯಿಂದ ನನಗೆ ಸರಿಯಾಗಿ ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಪ್ಪನನ್ನೂ ಊರಿನವರು ಹೀಗೇ ಹೊಗಳುತ್ತಿದ್ದರು. ಜೊತೆಯಲ್ಲಿ ಕುಡಿದವರೆಲ್ಲ ಬೇಲಿ ಹಿಡಿದು ನಡೆಯುವಾಗ, ಅವರನ್ನು ಒಬ್ಬೊಬ್ಬರನ್ನಾಗಿ ಮನೆ ಮುಟ್ಟಿಸಿ ಬರುತ್ತಿದ್ದವನು ಅವನೇ. ನಿನ್ನ ತಾತನೂ ಹಾಗೆಯೇ ಇದ್ದರು. ಅವರದು ಸಾರಾಯಿಯ ಕಾಲ. ಇಬ್ಬರೂ ಒಂದು ದಿನವೂ ತೂರಾಡಿದ್ದನ್ನು ನಾನು ಕಂಡಿಲ್ಲ. ಇಬ್ಬರನ್ನೂ ಐವತ್ತು ತುಂಬುವ ಮೊದಲೇ ಕಳುಹಿಸಿಕೊಟ್ಟೆವು. ನಿನ್ನ ಅಪ್ಪನ ಹಳದಿ ಕಣ್ಣು, ನೀರು ತುಂಬಿದ ಹೊಟ್ಟೆ ನಿನಗೂ ನೆನಪಿರಬೇಕು. ನೀನಾಗ ಒಂಬತ್ತನೇ ಕ್ಲಾಸು.

ಪಿಯು ಮಕ್ಕಳಿಗೆ ಇಪ್ಪತ್ತೆಂಟು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ತರಗತಿಯಲ್ಲಿ ಅನುವಂಶೀಯತೆಯ ಪಾಠ ಮಾಡಿ, ಮನೆಗೆ ಬಂದು ಒಡಹುಟ್ಟಿದವನಿಗೆ "ನಿನಗೆ ಮನಸ್ಸು ಗಟ್ಟಿಯಿಲ್ಲ" ಎನ್ನುತ್ತಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನೇ ಇಲ್ಲ. ಅದಕ್ಕೆ ನಿನಗಾದರೂ ಸರಿಯಾದುದನ್ನು ಹೇಳುತ್ತೇನೆ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಮಾರ್ಕ್ ಶೂಕಿಟ್ ಎಂಬ ಮನೋವೈದ್ಯರಿದ್ದಾರೆ. 1978ರಲ್ಲಿ ಅವರು ಒಂದು ಅಧ್ಯಯನ ಶುರುಮಾಡಿದರು. ನಿನ್ನ ವಯಸ್ಸಿನ ಆಸುಪಾಸಿನ ಹುಡುಗರನ್ನು ಕರೆದು, ಅಳತೆ ಮಾಡಿ ಮದ್ಯ ಕೊಟ್ಟು, ಎಷ್ಟು ಏರಿತು, ನಿಂತಲ್ಲಿ ಮೈ ಎಷ್ಟು ತೂಗಿತು ಎಂದು ಬರೆದಿಟ್ಟುಕೊಂಡರು. ಅವರಲ್ಲಿ ಕೆಲವರು ಕುಡಿತಕ್ಕೆ ದಾಸರಾದವರ ಮಕ್ಕಳು. ಸುಮಾರು ಹತ್ತು ವರ್ಷದ ಮೇಲೆ ಮತ್ತೆ ಎಲ್ಲರನ್ನೂ ಹುಡುಕಿ ನೋಡಿದರು. ಕುಡುಕರ ಮಕ್ಕಳ ಪೈಕಿ, ಅಂದು ಮದ್ಯ ಚೆನ್ನಾಗಿ ಏರಿದ್ದವರಲ್ಲಿ ನೂರಕ್ಕೆ 14 ಮಂದಿ ಚಟಕ್ಕೆ ಬಿದ್ದಿದ್ದರು. ಏರದೇ ಇದ್ದವರಲ್ಲಿ ನೂರಕ್ಕೆ 56! 1994ರಲ್ಲಿ ಪ್ರಕಟವಾದ ಈ ಲೆಕ್ಕವನ್ನು ಓದಿದಾಗ ನನಗೆ ಬೇಲಿ ಹಿಡಿಯದೆ ನಡೆದು ಬರುತ್ತಿದ್ದ ನಿನ್ನ ಅಪ್ಪನೇ ಕಣ್ಣಮುಂದೆ ಬಂದ.

ಯಾಕೆ ಹೀಗೆ ಎಂದು ಯೋಚಿಸು. ಎರಡು ಲೋಟಕ್ಕೆ ತಲೆ ಸುತ್ತುವವನಿಗೆ ಅವನ ಮಿದುಳೇ "ಸಾಕು" ಎನ್ನುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಆ ದನಿ ಮೆತ್ತಗಿರುತ್ತದೆ. ಗೆಳೆಯರಿಗೆ ಎರಡರಲ್ಲಿ ಸಿಕ್ಕಿದ್ದು ಅಂಥವನಿಗೆ ಐದರಲ್ಲಿ ಸಿಗಬೇಕು, ಬರುಬರುತ್ತಾ ಎಂಟರಲ್ಲಿ. ತಲೆಗೆ ಏರಲಿಲ್ಲವೆಂದು ಲಿವರ್ ಲೆಕ್ಕ ಕಡಿಮೆ ಹಿಡಿಯುವುದಿಲ್ಲ, ಕುಡಿದಷ್ಟನ್ನೂ ಅದು ಅನುಭವಿಸಲೇಬೇಕು.

ಇದಕ್ಕೆ ತದ್ವಿರುದ್ಧವಾದವರು ಜಪಾನ್, ಚೀನಾ, ಕೊರಿಯಾದಲ್ಲಿ ಕೋಟಿಗಟ್ಟಲೆ ಇದ್ದಾರೆ. ಮದ್ಯ ಮೈಯೊಳಗೆ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ಅಪಾಯವಿಲ್ಲದ ವಸ್ತುವಾಗುತ್ತದೆ. ಆ ಎರಡನೇ ಕೆಲಸ ಮಾಡುವ ಕಿಣ್ವ ಅವರಲ್ಲಿ ಜೀನಿನ ಸಣ್ಣದೊಂದು ವ್ಯತ್ಯಾಸದಿಂದ ಮಂದ. ಒಂದು ಗುಟುಕಿಗೇ ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಕರಿಕೆ ಬರುತ್ತದೆ. ಅಂಥವರು ಕುಡಿತದ ಚಟಕ್ಕೆ ಬೀಳುವುದು ಬಹಳ ಕಡಿಮೆ. ನಮ್ಮ ಕಡೆಯವರಲ್ಲಿ ಆ ಜೀನು ಅಪರೂಪ. ನಿನ್ನ ಅಪ್ಪನಿಗೆ ಒಮ್ಮೆ ಡೈಸಲ್ಫಿರಾಮ್ ಎಂಬ ಮಾತ್ರೆ ಕೊಟ್ಟಿದ್ದರಲ್ಲ, ಅದು ತಡೆಯುವುದೂ ಇದೇ ಕಿಣ್ವವನ್ನು. ಅವರಿಗೆ ಹುಟ್ಟಿನಿಂದ ಬಂದ ಕಾವಲನ್ನು ಇವನಿಗೆ ಮಾತ್ರೆಯಲ್ಲಿ ಕೊಡಲು ನೋಡಿದರು. ಎರಡು ತಿಂಗಳು ನುಂಗಿದ, ಆಮೇಲೆ ಬಿಟ್ಟ.

"ಮನೆಯ ವಾತಾವರಣ ನೋಡಿ ಕಲಿತದ್ದು ಅತ್ತೆ, ರಕ್ತದಲ್ಲಿ ಏನಿದೆ" ಎಂದು ನೀನು ಕೇಳಬಹುದು. ಡೆನ್ಮಾರ್ಕ್‌ನಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ದತ್ತು ಹೋದ ಗಂಡುಮಕ್ಕಳನ್ನು ಡೊನಾಲ್ಡ್ ಗುಡ್ವಿನ್ ಮತ್ತು ಸಂಗಡಿಗರು ಪರೀಕ್ಷಿಸಿದ್ದರು, 1973ರಲ್ಲಿ. ಹೆತ್ತವರು ಕುಡುಕರಾಗಿದ್ದವರಲ್ಲಿ ನೂರಕ್ಕೆ 18, ಉಳಿದವರಲ್ಲಿ ನೂರಕ್ಕೆ 5 ಮಂದಿ ಚಟಕ್ಕೆ ಬಿದ್ದಿದ್ದರು. ಸಾಕಿದ ಮನೆ ಬೇರೆಯಾದರೂ ಹೆತ್ತವರ ಪಾಲು ಬಿಟ್ಟಿರಲಿಲ್ಲ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ಓದು: ನೂರಕ್ಕೆ 82 ಮಂದಿ ಬೀಳಲಿಲ್ಲ. ಅವಳಿಗಳ ಅಧ್ಯಯನಗಳೂ ಹೇಳುವುದು ಅಷ್ಟೆ, ಅಪಾಯದಲ್ಲಿ ಹೆಚ್ಚುಕಡಿಮೆ ಅರ್ಧ ಜೀನುಗಳದು. ಅದೂ ಒಂದೇ ಜೀನಲ್ಲ, ಹತ್ತಾರು, ಒಂದೊಂದರದೂ ಎಳ್ಳಷ್ಟು ಪಾಲು. ಇದು ಹಣೆಬರಹವಲ್ಲ ಮಗೂ.

ನೋರಾ ವೋಲ್ಕೊವ್ ಎಂಬ ಮಿದುಳು ವಿಜ್ಞಾನಿ 2006ರಲ್ಲಿ ಕುಡುಕರ ಮನೆಯಲ್ಲಿ ಹುಟ್ಟಿಯೂ ಚಟಕ್ಕೆ ಬೀಳದವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಸುಖದ ಸುದ್ದಿ ಮುಟ್ಟಿಸುವ ಡೋಪಮೈನನ್ನು ಹಿಡಿದುಕೊಳ್ಳುವ ಡಿ2 ಗ್ರಾಹಕಗಳು ಅವರಲ್ಲಿ ಬೇರೆಯವರಿಗಿಂತ ಹೆಚ್ಚಿದ್ದವು. ಅದೇ ಅವರನ್ನು ಕಾಯ್ದಿರಬಹುದು ಎಂದು ವೋಲ್ಕೊವ್ ಅವರ ಊಹೆ. ನಿನ್ನ ಮಿದುಳಿನಲ್ಲಿ ಎಷ್ಟಿವೆಯೋ ನಾನು ಕಾಣೆ. ಕುಡಿದರೆ ಏರುವುದಿಲ್ಲ ಎಂಬುದನ್ನು ಮಾತ್ರ ಬಲ್ಲೆ, ಅದೊಂದೇ ನನಗೆ ಭಯ.

ಆದ್ದರಿಂದ ನಿನ್ನನ್ನು ಕೇಳಿಕೊಳ್ಳುವುದು ಇಷ್ಟು. ಮಿತವಾಗಿ ಕುಡಿ ಎಂದು ಬೇರೆಯವರ ಮಕ್ಕಳಿಗೆ ಯಾರಾದರೂ ಹೇಳಿಕೊಳ್ಳಲಿ, ನೀನು ಮುಟ್ಟಲೇಬೇಡ. ಮಿತ ಎಲ್ಲಿದೆಯೆಂದು ತಿಳಿಸುವ ದನಿಯೇ ನಮ್ಮ ಮನೆಯವರಿಗೆ ಕೇಳಿಸುವುದಿಲ್ಲ. ಗೆಳೆಯರು ಒತ್ತಾಯ ಮಾಡಿದರೆ ಕಾರಣ ಹುಡುಕಬೇಡ, "ನಮ್ಮ ವಂಶದಲ್ಲಿದೆ, ನನಗಾಗುವುದಿಲ್ಲ" ಎನ್ನು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಅದಕ್ಕೆ ಸಿಹಿ ಬೇಡ ಎನ್ನಲು ಯಾರಾದರೂ ನಾಚುತ್ತಾರೆಯೇ? ಕೈ ಮೀರುತ್ತಿದೆ ಎನ್ನಿಸಿದ ದಿನ 14416ಕ್ಕೆ ಫೋನು ಮಾಡು, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ನನಗೆ ಹೇಳಿದರೆ ಜೊತೆಗೆ ನಾನೇ ಬರುತ್ತೇನೆ. ಬೈಯುವುದಿಲ್ಲ.

ನಿನ್ನ ಅಪ್ಪನ ಆಸ್ಪತ್ರೆಯ ಫೈಲು ನನ್ನ ಬೀರುವಿನಲ್ಲೇ ಇದೆ. ಇಷ್ಟು ದಿನ ನೀನು ಚಿಕ್ಕವನೆಂದು ತೋರಿಸಿರಲಿಲ್ಲ. ಬರುವ ಭಾನುವಾರ ಬಾ, ಇಬ್ಬರೂ ಕೂತು ಮೊದಲ ಪುಟದಿಂದ ಓದೋಣ.

ನಿನ್ನ ಅತ್ತೆ