ಚಲಿಸುವ ವಸ್ತುಗಳ ಜಾಡು ಹಿಡಿಯುವ ಯಂತ್ರ

ಸಂಜೆಯ ವೇಳೆ ಹೈದರಾಬಾದಿನ ಕಾಚಿಗುಡದಂತಹ ಜನನಿಬಿಡ ಪ್ರದೇಶದಲ್ಲಿ ರಸ್ತೆಯ ಅಂಚಿಗೆ ನಿಂತು ಒಂದು ಆಟೋರಿಕ್ಷಾವನ್ನು ಗಮನಿಸಿ. ಅದು ಬಸ್ಸಿನ ಮರೆಗೆ ಸರಿದು, ಕ್ಷಣಕಾಲದ ಬಳಿಕ ಮತ್ತೊಂದು ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಅದೇ ಆಟೋ ಎಂಬುದನ್ನು ನಾವು ಅನಾಯಾಸವಾಗಿ ಗ್ರಹಿಸುತ್ತೇವೆ. ಇದೇ ಕಾರ್ಯವನ್ನು ಯಂತ್ರಕ್ಕೆ ಕಲಿಸುವುದು ಸುಲಭಸಾಧ್ಯವಲ್ಲ.

ವಿಡಿಯೋ ಎಂಬುದು ಸ್ಥಿರಚಿತ್ರಗಳ ಸರಣಿ. ಸೆಕೆಂಡಿಗೆ 25 ಚಿತ್ರಗಳಿದ್ದರೆ, ಒಂದೊಂದನ್ನು ಪರಿಶೀಲಿಸಲು ಗಣಕಯಂತ್ರಕ್ಕೆ ದೊರೆಯುವ ಅವಧಿ 40 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ಅದು ಮೂರು ಕೆಲಸಗಳನ್ನು ಪೂರೈಸಬೇಕು.

ಮೊದಲನೆಯದು ಪತ್ತೆ. ಸಹಸ್ರಾರು ಚಿತ್ರಗಳಿಂದ ಡೀಪ್ ಲರ್ನಿಂಗ್ ವಿಧಾನದಲ್ಲಿ ತರಬೇತಿ ಪಡೆದ ಯಂತ್ರವು ಚಿತ್ರದಲ್ಲಿನ ಬಸ್ಸು, ಆಟೋ, ಪಾದಚಾರಿಗಳನ್ನು ಗುರುತಿಸಿ, ಪ್ರತಿಯೊಂದರ ಸುತ್ತಲೂ ಚೌಕ ಎಳೆಯುತ್ತದೆ. ಎರಡನೆಯದು ಊಹೆ. ವಸ್ತುವಿನ ವೇಗ ಮತ್ತು ದಿಕ್ಕನ್ನು ಆಧರಿಸಿ, ಮುಂದಿನ ಚಿತ್ರದಲ್ಲಿ ಅದು ಎಲ್ಲಿರಬಹುದೆಂದು ಲೆಕ್ಕಹಾಕುತ್ತದೆ. ಇದಕ್ಕೆ ರುಡಾಲ್ಫ್ ಕಾಲ್ಮನ್ 1960ರಲ್ಲಿ ಪ್ರಕಟಿಸಿದ ಗಣಿತವೇ ಆಧಾರ. ಮೂರನೆಯದು ಜೋಡಣೆ. ಊಹಿಸಿದ ಸ್ಥಾನಗಳನ್ನೂ ಹೊಸದಾಗಿ ಪತ್ತೆಯಾದ ಚೌಕಗಳನ್ನೂ ಹೊಂದಿಸಿ, ಆಯಾ ವಸ್ತುವಿಗೆ ಅದರ ಹಳೆಯ ಗುರುತು ಸಂಖ್ಯೆಯನ್ನೇ ಮುಂದುವರಿಸುತ್ತದೆ. ಈ ಕ್ರಮಗಳನ್ನು ಸರಳವಾಗಿ ಒಂದುಗೂಡಿಸಿದ 'ಸಾರ್ಟ್' ವಿಧಾನವು 2016ರಲ್ಲಿ ಬಂದಿತು. 2017ರ 'ಡೀಪ್‌ಸಾರ್ಟ್' ವಿಧಾನವು ವಸ್ತುವಿನ ಬಾಹ್ಯರೂಪವನ್ನೂ ನೆನಪಿನಲ್ಲಿರಿಸಿಕೊಂಡು, ಮರೆಯಾಗಿ ಮರಳಿದುದನ್ನು ಗುರುತಿಸುವ ಸಾಮರ್ಥ್ಯವನ್ನು ಹೆಚ್ಚಿಸಿತು.

ಆದರೆ ವಿದೇಶದ ಶಿಸ್ತಿನ ರಸ್ತೆಗಳ ಚಿತ್ರಗಳಿಂದಷ್ಟೇ ಕಲಿತ ಯಂತ್ರವು ನಮ್ಮ ರಸ್ತೆಗಳಲ್ಲಿ ತಡವರಿಸುತ್ತದೆ. ಪತ್ತೆಯೇ ತಪ್ಪಿದರೆ ಮುಂದಿನ ಜೋಡಣೆಯೂ ತಪ್ಪುವುದು ಸಹಜ. ಈ ಕೊರತೆಯನ್ನು ನೀಗಲು ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಭಾರತೀಯ ರಸ್ತೆಗಳ ಚಿತ್ರಸಂಗ್ರಹವೊಂದನ್ನು ಸಿದ್ಧಪಡಿಸಿದರು. ಹೈದರಾಬಾದು, ಬೆಂಗಳೂರು ಮತ್ತು ಅವುಗಳ ಹೊರವಲಯಗಳಲ್ಲಿ ಕಾರಿನ ಮುಂಭಾಗದ ಕ್ಯಾಮೆರಾದಿಂದ ತೆಗೆದ ಸುಮಾರು 10,000 ಚಿತ್ರಗಳನ್ನು 34 ವರ್ಗಗಳಾಗಿ ಗುರುತು ಮಾಡಲಾಯಿತು. ಆಟೋರಿಕ್ಷಾಕ್ಕೆ ಅಲ್ಲಿ ತನ್ನದೇ ವರ್ಗವಿದೆ.

ಇಷ್ಟಾದರೂ ಯಂತ್ರವು ತಪ್ಪುವುದುಂಟು. ಒಂದೇ ಬಣ್ಣದ ಎರಡು ಆಟೋಗಳು ಅಕ್ಕಪಕ್ಕ ಹಾದುಹೋದಾಗ 7ನೆಯದರ ಸಂಖ್ಯೆ 12ನೆಯದಕ್ಕೆ ಅಂಟಿಕೊಳ್ಳಬಹುದು. ವಾಹನಗಳ ಎಣಿಕೆಯಲ್ಲಿ ಇದು ಸಣ್ಣ ದೋಷ. ಆದರೆ ಅಪಘಾತ ಮಾಡಿ ಪರಾರಿಯಾದ ವಾಹನವನ್ನು ಹುಡುಕುವಾಗ ಇದೇ ದೋಷದಿಂದ ನಿರಪರಾಧಿಯ ಮೇಲೆ ಆರೋಪ ಬರಬಹುದು. ಆದ್ದರಿಂದ ಯಂತ್ರದ ಸಂಖ್ಯೆಯನ್ನು ಸುಳಿವೆಂದು ಪರಿಗಣಿಸಿ, ಮೂಲ ದೃಶ್ಯವನ್ನು ಮನುಷ್ಯನು ಪರಿಶೀಲಿಸುವುದು ಅಗತ್ಯ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವಾಹನದ ಜಾಡು ಹಿಡಿಯುವುದು ಬೇರೆ, ವ್ಯಕ್ತಿಯ ಬೆನ್ನು ಹತ್ತುವುದು ಬೇರೆ. ಈ ವ್ಯತ್ಯಾಸವನ್ನು ಯಂತ್ರವು ಅರಿಯದು. ಅರಿತು ಕಾಪಾಡಬೇಕಾದವರು ನಾವೇ.